ತೂಕ ಏರದ ಕಾದಂಬರಿ

ನಮ್ಮೂರಿನಲ್ಲಿ ಪುಸ್ತಕವೊಂದನ್ನು ಯಾರಾದರೂ ಮೊದಲಿನಿಂದ ಕೊನೆಯವರೆಗೆ ಮನಸ್ಸಿಟ್ಟು ಓದಿದರೆ ಅದರ ತೂಕ ಒಂದು ತೊಲ ಹೆಚ್ಚುತ್ತದೆ. ಅರ್ಧ ಓದಿ ಬಿಟ್ಟರೆ ಹೆಚ್ಚುವುದಿಲ್ಲ. ನಡುವೆ ಪುಟ ಹಾರಿಸಿ, ಕೊನೆಗೆ ಏನಾಯಿತೆಂದು ನೋಡಿ ಮುಚ್ಚಿಟ್ಟರೂ ಹೆಚ್ಚುವುದಿಲ್ಲ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿ ಯಾರು ಬೇಕಾದರೂ ಯಾವ ಪುಸ್ತಕವನ್ನಾದರೂ ಓದಿದ್ದೇನೆಂದು ಹೇಳಿಕೊಂಡು ತಿರುಗಬಹುದಂತೆ. ಅಂಥ ಊರಿನಲ್ಲಿ ಹುಟ್ಟುವ ಪುಣ್ಯ ನನಗಿರಲಿಲ್ಲ. ನಾನು ಹುಟ್ಟಿದ್ದು ಇಲ್ಲಿ, ಹಿಟ್ಟಿನ ಗಿರಣಿ ಇಟ್ಟದ್ದು ಇಲ್ಲಿ, ಹಾಳಾದ್ದು, ಕಾದಂಬರಿ ಬರೆದದ್ದೂ ಇಲ್ಲೇ.

ಹುಟ್ಟಿದಾಗಿನಿಂದ ನೋಡಿದವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ನಮ್ಮ ಗ್ರಂಥಾಲಯದ ಅಂಗಳದಲ್ಲಿ ಒಂದು ಹಳೆಯ ಪ್ರೇಮ ಕಾದಂಬರಿಯಿದೆ. ಮೂರು ತಲೆಮಾರಿನವರು ಓದಿ ಓದಿ ಅದು ರುಬ್ಬುವ ಗುಂಡಿಗಿಂತ ಭಾರವಾಗಿದೆ. ಒಳಗಿಟ್ಟರೆ ಕಪಾಟು ಕುಸಿಯುತ್ತದೆಂದು ನಾಲ್ಕು ಜನ ಹಿಡಿದು ತಂದು ಬೇವಿನ ಮರದ ಕೆಳಗಿನ ಕಲ್ಲುಕಟ್ಟೆಯ ಮೇಲಿಟ್ಟು, ಮೇಲೊಂದು ತಗಡಿನ ಮಾಡು ಹಾಕಿಸಿದ್ದಾರೆ. ಓದಬೇಕೆನ್ನುವವರು ಅಲ್ಲಿಗೇ ಹೋಗಿ ಕೂರಬೇಕು. ಬೆನ್ನು ನೋವೆಂದು ಹೋದರೆ ನಮ್ಮ ಡಾಕ್ಟರು ಮೊದಲು ಕೇಳುವುದೇ "ಯಾವ ಪುಸ್ತಕ?" ಎಂದು. ಬಸ್ಸಿನಲ್ಲಿ ಎರಡು ಪುಸ್ತಕ ಹಿಡಿದು ಹತ್ತಿದರೆ ಕಂಡಕ್ಟರು ಲಗೇಜು ಎನ್ನುತ್ತಾನೆ. ಹೆಣ್ಣು ನೋಡಲು ಬಂದವರು, ಗಂಡು ನೋಡಲು ಹೋದವರು, ಉಪ್ಪಿಟ್ಟು ಬರುವುದರೊಳಗೆ ಆ ಮನೆಯ ಕಪಾಟಿನಿಂದ ಒಂದು ಪುಸ್ತಕ ತೆಗೆದು, ಏನೂ ತಿಳಿಯದವರಂತೆ ಕೈಯಲ್ಲಿ ತೂಗಿ ನೋಡುತ್ತಾರೆ. ಒಮ್ಮೆ ಗಂಡಿನ ಕಡೆಯವರು ರಟ್ಟಿನೊಳಗೆ ಸೀಸದ ತಗಡು ಸೇರಿಸಿ ಸಿಕ್ಕಿಬಿದ್ದು ಸಂಬಂಧ ಮುರಿಯಿತು. ಆ ಗಂಡು ಈಗ ನಮ್ಮ ಪುರಸಭೆಯ ಅಧ್ಯಕ್ಷರು.

ನನ್ನ ಹೆಸರು ಪರಮೇಶ್ವರಯ್ಯ. ಊರಿಗೆ ಗಿರಣಿ ಪರಮೇಶಿ. ಹತ್ತು ವರ್ಷ ಹಿಟ್ಟಿನ ಧೂಳಿನಲ್ಲಿ ಕೂತು ಒಂದು ಕಾದಂಬರಿ ಬರೆದು ಅಚ್ಚು ಹಾಕಿಸಿದೆ. ಅಚ್ಚಾದ ದಿನ ಒಂದೊಂದು ಪ್ರತಿಯೂ ಹದಿನೆಂಟು ತೊಲ ತೂಗಿತು. ಮನೆ ಮನೆಗೆ ಹೋಗಿ ಕೊಟ್ಟುಬಂದೆ. ಒಂದು ತಿಂಗಳ ನಂತರ ಎಲ್ಲರೂ ಹೇಳಿದ್ದು ಒಂದೇ ಮಾತು: "ಬಹಳ ಚೆನ್ನಾಗಿದೆ, ಪರಮೇಶಿ." ನನಗೆ ಮಾತ್ರ ಸುಮ್ಮನಿರಲು ಗೊತ್ತಿಲ್ಲ. ಯಾರ ಮನೆಗೆ ಹೋದರೂ ಅವರು ಕಾಫಿ ತರಲು ಒಳಗೆ ಹೋದ ತಕ್ಷಣ ಎದ್ದು ನನ್ನ ಪುಸ್ತಕ ಹುಡುಕಿ ಎತ್ತಿ ನೋಡುತ್ತಿದ್ದೆ. ಇಪ್ಪತ್ತು ವರ್ಷ ಜೋಳ, ರಾಗಿ ತೂಗಿದ ಕೈ ಇದು, ತಕ್ಕಡಿ ಬೇಕಿಲ್ಲ. ಹದಿನೆಂಟು ತೊಲ. ಮುಂದಿನ ಮನೆಯಲ್ಲೂ ಹದಿನೆಂಟು. ಒಂದು ಮನೆಯಲ್ಲಿ ಹದಿನೇಳಿತ್ತು. ನನ್ನ ಜೀವ ಹಾರಿಹೋಯಿತು. ಬಿಚ್ಚಿ ನೋಡಿದರೆ ಇಲಿ ತಿಂದಿತ್ತು.

ನನ್ನ ಹೆಂಡತಿ ವಿಶಾಲಾಕ್ಷಿ ಮಾತ್ರ ಸುಳ್ಳು ಹೇಳಲಿಲ್ಲ. "ನಲವತ್ತನೇ ಪುಟದ ತನಕ ಬಂದೆ ಕಣ್ರೀ, ಅಲ್ಲಿಂದ ಮುಂದೆ ನಿದ್ದೆ ಬಂತು" ಎಂದಳು. ಗ್ರಂಥಾಲಯದ ಪುಟ್ಟತಾಯಮ್ಮನವರು ಅದಕ್ಕಿಂತ ನಿಷ್ಠುರ. ಅವರ ಮೇಜಿನ ಮೇಲೆ ಚಿನಿವಾರರ ಅಂಗಡಿಯಿಂದ ತಂದ ಹಿತ್ತಾಳೆ ತಕ್ಕಡಿಯಿದೆ. ವಾಪಸು ಬಂದ ಪ್ರತಿ ಪುಸ್ತಕವನ್ನೂ ಅದರಲ್ಲಿ ತೂಗಿಯೇ ಒಳಗಿಡುವುದು. ವರ್ಷಕ್ಕೊಮ್ಮೆ ಎಲ್ಲ ಪುಸ್ತಕಗಳನ್ನೂ ತೂಗುವಾಗ ನಾನು ಕಿಟಕಿಯ ಹತ್ತಿರ ಏನೋ ಕೆಲಸವಿದ್ದವನಂತೆ ಸುಳಿದಾಡುತ್ತಿದ್ದೆ. ಅವರು ತಲೆ ಎತ್ತದೆ, ಅಂಗಳದಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಹದಿನೆಂಟು ಕಣಯ್ಯಾ ಪರಮೇಶಿ. ಹಾಗೇ ಇದೆ" ಎನ್ನುತ್ತಿದ್ದರು. ಸತ್ಯ ಹೇಳುತ್ತೇನೆ, ನನಗೆ ಹಾರ ತುರಾಯಿಯ ಆಸೆಯಿರಲಿಲ್ಲ. ಊರಿನಲ್ಲಿ ಯಾರೋ ಒಬ್ಬರು, ಒಬ್ಬರೇ ಸಾಕು, ನಾನು ಬರೆದದ್ದನ್ನು ಕೊನೆಯ ಪುಟದ ತನಕ ಓದಲಿ ಎನ್ನುವುದೊಂದೇ ಆಸೆ. ಅದು ನೆರವೇರದೆ ಆರು ವರ್ಷ ಕಳೆದವು.

ಹೀಗಿರುವಾಗ ನಫೀಸಾ ಬಂದಳು. ಇಪ್ಪತ್ತೈದರ ಸುಮಾರಿನ ಹುಡುಗಿ, ಮಾತಿನಲ್ಲಿ ಚುರುಕು. ಇ-ರೀಡರ್ ಮಾಡುವ ಯಾವುದೋ ಕಂಪನಿಯವಳು. ಒಂದು ವ್ಯಾನಿನ ತುಂಬ ಅವನ್ನು ಹೇರಿಕೊಂಡು ಬಂದು, ನಾಲ್ಕು ತಿಂಗಳು ಪುಕ್ಕಟೆ ಇಟ್ಟುಕೊಂಡು ನೋಡಿ ಎಂದು ಮನೆಗೊಂದು ಹಂಚಿ, ಗ್ರಂಥಾಲಯದ ಪಕ್ಕದಲ್ಲೇ ಕೋಣೆ ಹಿಡಿದಳು. ಶಾಲೆಯ ಮಕ್ಕಳು ಬರೆಯುವ ಹಲಗೆಯಷ್ಟೇ ಅಗಲ, ಅದಕ್ಕಿಂತ ತೆಳು. ಹಾಗಾಗಿ ಮೊದಲ ದಿನವೇ ಅದಕ್ಕೆ ಹಲಗೆ ಎಂದು ಹೆಸರು ಬಿತ್ತು. ಒಂದು ಹಲಗೆಯಲ್ಲಿ ಇಡೀ ಗ್ರಂಥಾಲಯವೇ ಇತ್ತು, ಕಲ್ಲುಕಟ್ಟೆಯ ಪ್ರೇಮ ಕಾದಂಬರಿಯೂ ಇತ್ತು. ಮಂಡಿ ನೋವಿನಿಂದ ಹನ್ನೆರಡು ವರ್ಷ ಆ ಕಟ್ಟೆ ಹತ್ತಲಾಗದಿದ್ದ ಮುದುಕಿಯೊಬ್ಬಳು ಅದನ್ನು ಮಂಚದಲ್ಲಿ ಮಲಗಿ ಎದೆಯ ಮೇಲಿಟ್ಟುಕೊಂಡು ಓದಿದಳು. ಅಕ್ಷರ ಎಷ್ಟು ಬೇಕೋ ಅಷ್ಟು ದಪ್ಪವಾಗುತ್ತದೆಂದು ಗೊತ್ತಾದ ಮೇಲೆ ವಯಸ್ಸಾದವರು ಕನ್ನಡಕ ಮರೆತುಬಂದದ್ದಕ್ಕೆ ಪರದಾಡುವುದು ನಿಂತಿತು. ಡಾಕ್ಟರಿಗೆ ಬೆನ್ನು ನೋವಿನವರು ಕಡಿಮೆಯಾದರು.

ಆದರೆ ನಮ್ಮವರ ಕೈ ಸುಮ್ಮನಿರುತ್ತದೆಯೇ? ಓದಿ ಮುಗಿಸಿದವರೆಲ್ಲ ಹಲಗೆಯನ್ನು ತೂಗಿದರು. ತೂಕ ಏರಿರಲಿಲ್ಲ. ಸರಿಯಾಗಿ ಓದಿಲ್ಲವೇನೋ ಎಂದುಕೊಂಡು ಮತ್ತೆ ಓದಿದರು, ಮತ್ತೆ ತೂಗಿದರು. ಶಾಲೆಯ ಹೆಡ್‌ಮೇಷ್ಟ್ರು ಮಕ್ಕಳ ಹಲಗೆಗಳನ್ನೆಲ್ಲ ತಕ್ಕಡಿಗಿಟ್ಟು, ಒಂದೂ ಏರಿಲ್ಲವೆಂದು ಇಡೀ ತರಗತಿಯನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಸಂಜೆ ತಮ್ಮ ಹಲಗೆಯನ್ನೂ ತೂಗಿ ನೋಡಿದರಂತೆ, ಮಾರನೆಯ ದಿನ ಆ ವಿಷಯವನ್ನೇ ಎತ್ತಲಿಲ್ಲ. ಇನ್ನೊಂದು ತಕರಾರು ಕಾಲಿನದು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ, ಹಲಗೆಗೆ ತಾಗಿದರೆ? ಆಫ್ ಆಗಿದ್ದರೆ ಬೇಕಿಲ್ಲ, ಆನ್ ಆಗಿದ್ದರೆ ಬೇಕು ಎಂದು ಅರ್ಚಕರು ತೀರ್ಮಾನಿಸಿದರು. ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡ ಹಲಗೆಗಳ ಗಾಜು ಒರೆಸಿ ಒರೆಸಿ ನಫೀಸಾ ಸುಸ್ತಾದಳು.

ನಾಲ್ಕು ತಿಂಗಳು ಕಳೆದ ಮೇಲೆ ಹಲಗೆ ಇರಬೇಕೋ ಕಾಗದವೇ ಸಾಕೋ ಎಂದು ಗ್ರಂಥಾಲಯದಲ್ಲಿ ಸಭೆ ಸೇರಿತು. ಪುಟ್ಟತಾಯಮ್ಮನವರು ತಕ್ಕಡಿಯನ್ನು ಮುಂದಿಟ್ಟುಕೊಂಡೇ ಮಾತಾಡಿದರು. "ತೂಕ ಏರದೇ ಇದ್ದದ್ದು ಓದೇ ಅಲ್ಲ. ಕರೆಂಟ್ ಹೋದ್ರೆ, ಇವತ್ತಲ್ಲ ನಾಳೆ ಚಾರ್ಜೂ ಹೋಗತ್ತೆ. ಆಮೇಲೆ ಅದು ಮಣೆ, ಮೇಲೆ ಕೂತ್ಕೋಬಹುದು ಅಷ್ಟೆ." ಜನ ನಕ್ಕರು. ಆಗ ಎದ್ದು ನಿಂತವನು ನಾನು. ಕಾಲಕ್ಕೆ ತಕ್ಕಂತೆ ನಡೆಯಬೇಕೆಂದೆ, ಮುದುಕರ ಮಂಡಿಯ ಮಾತೆತ್ತಿದೆ, ಮಕ್ಕಳ ಬೆನ್ನಿನ ಮಾತೆತ್ತಿದೆ, ಕಣ್ಣಲ್ಲಿ ನೀರೂ ತಂದುಕೊಂಡೆ. ಹಲಗೆಯೂ ಇರಲಿ, ಕಾಗದವೂ ಇರಲಿ ಎಂದು ಸಭೆ ಒಪ್ಪಿತು. ಊರಿನವರು ನನ್ನನ್ನು ದೊಡ್ಡ ಮನಸ್ಸಿನವನೆಂದರು. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ನನ್ನ ಎರಡನೆಯ ಕಾದಂಬರಿ ಬರೆದು ಮುಗಿದಿತ್ತು. ಅದನ್ನು ಅಚ್ಚು ಹಾಕಿಸಿ ಮತ್ತೆ ಹದಿನೆಂಟು ತೊಲ ಎಂದು ಕೇಳಿಸಿಕೊಳ್ಳುವ ಧೈರ್ಯ ಇರಲಿಲ್ಲ.

ಸಭೆ ಮುಗಿದ ಮೇಲೆ ನಫೀಸಾಳನ್ನು ಪಕ್ಕಕ್ಕೆ ಕರೆದು ಕೇಳಿದೆ, "ನಂದೊಂದು ಕಾದಂಬರಿ ಈ ಹಲಗೆಯೊಳಗೆ ಹಾಕೋಕಾಗತ್ತೇನಮ್ಮಾ?"

"ಯಾಕಾಗಲ್ಲ ಸಾರ್? ಒಂದು ಬಟನ್ ಒತ್ತಿದ್ರೆ ಎಲ್ಲರ ಹಲಗೆಗೂ ಹೋಗತ್ತೆ."

"ಯಾರು ಓದಿದ್ರು, ಯಾರು ಓದಲಿಲ್ಲ ಅಂತ ಗೊತ್ತಾಗತ್ತಾ?"

ಅವಳ ಮುಖ ಸಣ್ಣದಾಯಿತು. "ಇಲ್ಲ ಸಾರ್, ಅದು ನಮ್ಮ ಕಂಪನಿಯ ನಿಯಮ. ಯಾರು ಏನು ಓದ್ತಾರೆ ಅಂತ ನಾವು ನೋಡೋ ಹಾಗಿಲ್ಲ."

"ಬಹಳ ಒಳ್ಳೇ ಕಂಪನಿ" ಎಂದೆ.

ಕಾದಂಬರಿಯ ಹೆಸರು 'ಮುಹೂರ್ತಕ್ಕೆ ಮುಂಚೆ'. ಅದರಲ್ಲಿ ಚನ್ನಬಸಪ್ಪನೆಂಬ ಕ್ಲಾರಿನೆಟ್‌ನವನಿದ್ದಾನೆ. ಬ್ಯಾಂಡ್ ಸೆಟ್ಟಿನಲ್ಲಿ ಮೂವತ್ತು ವರ್ಷ ಕಂಡವರ ಮದುವೆಗಳಲ್ಲಿ ಊದಿದವನು, ಮಹಾ ಸುಳ್ಳುಗಾರ, ಊಟಕ್ಕೆ ಕೂತರೆ ಹೋಳಿಗೆ ಎಣಿಸದವನು. ಇದ್ದೊಬ್ಬ ಮಗಳ ಮದುವೆಯಲ್ಲಿ ಊದುವುದಕ್ಕೆಂದು ಒಂದು ರಾಗವನ್ನು ಯಾರಿಗೂ ಕೇಳಿಸದೆ ಕಾದಿಟ್ಟಿರುತ್ತಾನೆ. ಕೊನೆಯದಾದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ, ಮಗಳ ಮುಹೂರ್ತಕ್ಕೆ ಗಳಿಗೆ ಮುಂಚೆ, ಚಪ್ಪರದ ಕಂಬಕ್ಕೊರಗಿ ಕೂತಲ್ಲೇ ತೀರಿಕೊಳ್ಳುತ್ತಾನೆ. ರಾಗ ಅವನೊಂದಿಗೇ ಹೋಗುತ್ತದೆ. ಅದನ್ನು ಬರೆದ ದಿನ ನಾನು ಗಿರಣಿ ಶುರು ಮಾಡುವುದನ್ನೇ ಮರೆತು ಕೂತಿದ್ದೆ.

ಹಲಗೆಗೆ ಬಂದ ವಾರದಲ್ಲೇ ಎಲ್ಲರೂ ಹೇಳಿದರು: "ಬಹಳ ಚೆನ್ನಾಗಿದೆ, ಪರಮೇಶಿ." ಎತ್ತಿ ನೋಡುವ ಹಾಗಿಲ್ಲ, ಸುಳ್ಳೆಂದು ಹಿಡಿಯುವ ಹಾಗಿಲ್ಲ. ಎರಡು ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಮೂರನೆಯ ವಾರದಲ್ಲಿ ಶುರುವಾಯಿತು ಸಂಕಟ. ಡಾಕ್ಟರು ಹೊಗಳಿದರೆ ಓದಿಲ್ಲ ಎನ್ನಿಸುತ್ತಿತ್ತು. ಅರ್ಚಕರು ಕಣ್ಣೊರೆಸಿಕೊಂಡು ಹೊಗಳಿದರೂ ಹೊಗೆಗೆ ಕಣ್ಣುರಿ ಇರಬೇಕು ಎನ್ನಿಸುತ್ತಿತ್ತು. ಮೊದಲು ಓದಿಲ್ಲವೆಂದಾದರೂ ಖಚಿತವಾಗಿ ಗೊತ್ತಿತ್ತು. ಈಗ ಅದೂ ಇಲ್ಲ. ಯಾರೋ ಒಬ್ಬರು ನಿಜವಾಗಿ ಓದಿದ್ದರೂ ಅವರ ಮಾತನ್ನು ನಾನು ನಂಬಲಾರೆ. ಹಾಳು ತಕ್ಕಡಿಯೇ ವಾಸಿಯಾಗಿತ್ತು ಎಂದು ಒಂದು ದಿನ ವಿಶಾಲುವಿನ ಮುಂದೆ ಅಂದೆ. ಅವಳು ಕೊತ್ತಂಬರಿ ಸೋಸುತ್ತಾ, "ನಿಮಗೆ ಹೊಗಳಿದ್ರೂ ಕಷ್ಟ, ತೆಗಳಿದ್ರೂ ಕಷ್ಟ" ಎಂದಳು.

ಅಷ್ಟರಲ್ಲಿ ಒಂದು ಬೆಳಗ್ಗೆ ಇಸ್ತ್ರಿ ಅಂಗಡಿಯ ಅಕ್ಕಯಮ್ಮ ಗಿರಣಿಗೆ ನುಗ್ಗಿದಳು. ಐವತ್ತು ದಾಟಿದ ಹೆಂಗಸು. ಅವಳ ಬಾಯಿಗೆ ಹೆದರಿ ಅಧ್ಯಕ್ಷರೂ ಬಟ್ಟೆಯನ್ನು ಆಳಿನ ಕೈಯಲ್ಲಿ ಕಳಿಸುತ್ತಾರೆ. ಬಂದವಳೇ ಗಿರಣಿ ನಿಲ್ಲಿಸು ಎಂದಳು. ನಿಲ್ಲಿಸಿದೆ.

"ಪರಮೇಶಣ್ಣ, ನಿನಗೆ ಮಕ್ಕಳು ಮರಿ ಇದ್ದಾವಾ ಇಲ್ವಾ? ಕರುಳು ಅನ್ನೋದಿದೆಯಾ? ಆ ಚನ್ನಬಸಪ್ಪ ಏನ್ ಮಾಡಿದ್ನಪ್ಪ ನಿನಗೆ?"

"ಯಾವ ಚನ್ನಬಸಪ್ಪ?" ಎಂದೆ ದಡ್ಡನ ಹಾಗೆ.

"ಯಾವ ಚನ್ನಬಸಪ್ಪ ಅಂತೆ! ಮಗಳ ಕೈಗೆ ಕಂಕಣ ಕಟ್ಟಿಯಾಗಿದೆ, ಬೀಗರು ಬಂದು ಕೂತವ್ರೆ, ಇನ್ನೇನು ಊದಬೇಕು ಅನ್ನೋ ಹೊತ್ತಿಗೆ ಸಾಯಿಸ್ತೀಯಲ್ಲ. ಓದ್ತಾ ಓದ್ತಾ ಇಸ್ತ್ರಿಪೆಟ್ಟಿಗೆ ಎತ್ತೋದೇ ಮರೆತೋಯ್ತು ನನಗೆ. ಅಧ್ಯಕ್ಷರ ಬಿಳೀ ಶರ್ಟು ಬೆನ್ನಿನ ಮೇಲೆ ಸುಟ್ಟು ಕರ್‍ರಗಾಗಿದೆ. ಹೋಗ್ಲಿ ಆ ಶರ್ಟು. ಅವನನ್ನ ಯಾಕೆ ಸಾಯಿಸ್ದೆ ಹೇಳು."

ನಾನು ಮೆಲ್ಲಗೆ ಕೇಳಿದೆ, "ಅಕ್ಕಯಮ್ಮ, ನೀನು ಪೂರ್ತಿ ಓದಿದ್ಯಾ?"

"ಓದದೆ ಬಂದು ಬಾಯಿ ಬಡ್ಕೋತೀನಾ?"

"ಮತ್ತೆ ನನ್ನ ಮೊದಲನೇದನ್ನ ಯಾಕೆ ಓದಲಿಲ್ಲ?"

ಅವಳು ಮೂಟೆಯ ಮೇಲೆ ಕೂತಳು. ಸ್ವಲ್ಪ ನಾಚಿಕೊಂಡ ಹಾಗೆ ಕಂಡಿತು. "ಹೆಂಗೆ ಓದೋದಣ್ಣ? ಹಗುರದ ಪುಸ್ತಕ ಕೈಯಾಗಿಟ್ಕೊಂಡು ಬೀದೀಲಿ ಹೋದ್ರೆ ಜನ ಆಡ್ಕೊಳ್ಳಲ್ವಾ? ಇವಳಿಗೆ ಭಾರದ್ದು ಓದೋಕೆ ಬರಲ್ಲ ಅಂತಾರೆ. ಎಲ್ಲಾರೂ ಓದಿದ್ದನ್ನೇ ನಾವೂ ಓದೋದು, ಅದೇ ಇನ್ನಷ್ಟು ಭಾರ ಆಗೋದು. ಹಲಗೇಲಿ ಏನು ಓದ್ತಾ ಇದೀನಿ ಅಂತ ಯಾರಿಗೆ ಗೊತ್ತು? ಎಲ್ಲಾ ಒಂದೇ ತೂಕ. ಅದಕ್ಕೇ ಓದಿದೆ."

ಆರು ವರ್ಷ ತಲೆ ಕೆಡಿಸಿಕೊಂಡರೂ ನನಗೆ ಹೊಳೆಯದಿದ್ದದ್ದು ಇದು. ನನ್ನ ಪುಸ್ತಕ ಹಗುರವಾಗಿದ್ದದ್ದು ಯಾರೂ ಓದದೆ ಇದ್ದುದರಿಂದ. ಯಾರೂ ಓದದೆ ಇದ್ದದ್ದು ಅದು ಹಗುರವಾಗಿದ್ದುದರಿಂದ. ಅವಳ ಕಾಲಿಗೆ ಬೀಳುವುದೊಂದು ಬಾಕಿ. ಅಷ್ಟರಲ್ಲಿ ಅವಳು ಎದ್ದು ನಿಂತು, "ಅವನು ಬದುಕಬೇಕು. ಮಗಳ ಮದುವೇಲಿ ಊದಬೇಕು. ನೀನು ಬರೆದಿದ್ದಲ್ವಾ, ನೀನೇ ಎಬ್ಬಿಸು" ಎಂದು ಹೇಳಿ ಹೊರಟುಹೋದಳು.

ನನ್ನದನ್ನು ಓದಿದವಳು ಅವಳೊಬ್ಬಳೇ. ಅವಳ ಮಾತು ತೆಗೆದುಹಾಕುವುದು ಹೇಗೆ? ಅಚ್ಚಾಗಿದ್ದರೆ, ಆದದ್ದು ಆಗಿಹೋಯಿತು ತಾಯಿ ಎಂದು ಕೈ ಮುಗಿಯಬಹುದಿತ್ತು. ಹಲಗೆಯಲ್ಲಿ ಆ ನೆಪವಿಲ್ಲ. ಮಧ್ಯಾಹ್ನ ಊಟ ಬಿಟ್ಟು ಕೂತು ಹತ್ತೊಂಬತ್ತನೆಯ ಅಧ್ಯಾಯವನ್ನು ತಿದ್ದಿದೆ. ಕಂಬಕ್ಕೊರಗಿದ್ದ ಚನ್ನಬಸಪ್ಪ ಒಂದು ಸೀನು ಸೀನಿ ಕಣ್ಣು ಬಿಟ್ಟ, ಕ್ಲಾರಿನೆಟ್ ಎತ್ತಿದ, ಊದಿದ, ಎಲ್ಲರೂ ಅಕ್ಷತೆ ಹಾಕಿದರು, ಹೋಳಿಗೆ ಊಟವಾಯಿತು. ನಫೀಸಾಳ ಹತ್ತಿರ ಒಯ್ದೆ. ಅವಳು ಓದಿ ನೋಡಿ ತುಟಿ ಕಚ್ಚಿಕೊಂಡಳು.

"ಸಾರ್, ನಿಜವಾಗ್ಲೂ ಕಳಿಸಲಾ?"

"ಯಾಕಮ್ಮ, ಚೆನ್ನಾಗಿಲ್ವಾ?"

"ನಾನು ಹೇಳೋ ಹಾಗಿಲ್ಲ ಸಾರ್. ಆದರೆ ಹೆಸರಿನ ಪಕ್ಕ ಒಂದು ಕೆಂಪು ಚುಕ್ಕೆ ಬರತ್ತೆ. ಕೊನೆ ಅಧ್ಯಾಯ ಬದಲಾಗಿದೆ ಅಂತ ಓದಿದವರಿಗೆಲ್ಲ ಗೊತ್ತಾಗಿಬಿಡತ್ತೆ."

"ಓದಿದವರು ಅಂದ್ರೆ ಅಕ್ಕಯಮ್ಮ ಒಬ್ಬಳೇ ತಾನೇ" ಎಂದೆ. ಅವಳು ಬಟನ್ ಒತ್ತಿದಳು.

ಮಾರನೆಯ ದಿನ ಬೆಳಗ್ಗೆ ಎದ್ದಾಗ ಕಾಫಿಯಿರಲಿಲ್ಲ. ಅಡುಗೆಮನೆಯಲ್ಲಿ ವಿಶಾಲು ಒಲೆ ಹಚ್ಚದೆ, ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮೂಗು ಕೆಂಪಗಾಗಿತ್ತು.

"ಅವನನ್ನ ಯಾಕ್ರೀ ಎಬ್ಬಿಸಿದ್ರಿ?" ಎಂದಳು.

"ನೀನೂ ಓದಿದ್ಯಾ?"

"ಒಂದ್ಸಲ ಅಲ್ಲ. ನಿಮ್ಮ ಮುಂದೆ ಹೇಳಿದ್ರೆ ತಲೆ ಮೇಲೆ ಕೂತ್ಕೋತೀರ ಅಂತ ಸುಮ್ಮನಿದ್ದೆ. ಎರಡು ದಿನ ಊಟ ಸೇರಿರಲಿಲ್ಲ ನನಗೆ, ಅಂಥಾ ಸಾವು ಅದು. ಈಗ ನೋಡಿದ್ರೆ ಸೀನಿ ಎದ್ದು ಕೂತಿದಾನೆ! ಅತ್ತಿದ್ದೆಲ್ಲ ಸುಳ್ಳಾ?"

ಹೊರಗೆ ಗದ್ದಲ ಕೇಳಿಸಿತು. ಗಿರಣಿಯ ಮುಂದೆ ಜನ. ಯಾರ ಕೈಯಲ್ಲೂ ಕಾಳಿನ ಚೀಲವಿಲ್ಲ. ಎಲ್ಲರ ಕೈಯಲ್ಲೂ ಹಲಗೆ. ಡಾಕ್ಟರು ಬಂದಿದ್ದರು. "ಎದೆ ನಿಂತು ಅಷ್ಟು ಹೊತ್ತಾದವನು ಸೀನೋದುಂಟೇನ್ರೀ? ಯಾವ ಶಾಸ್ತ್ರದಲ್ಲಿದೆ?" ಎಂದು ಕೂಗಿದರು. ಬಸ್ ಕಂಡಕ್ಟರು ಡ್ಯೂಟಿ ಬಿಟ್ಟು ಬಂದಿದ್ದ. ಮೊದಲ ಬಸ್ಸಿನ ಪ್ರಯಾಣಿಕರೂ ಅವನ ಹಿಂದೆ ಇಳಿದು ಬಂದಿದ್ದರು. ಅಧ್ಯಕ್ಷರು ಬೆನ್ನು ಸುಟ್ಟ ಶರ್ಟಿನಲ್ಲೇ ನಿಂತು, ಮಗಳನ್ನು ಮದುವೆ ಮಾಡಿ ಕಳಿಸಿದ ತಂದೆ ತಾನು, ಆ ಸಾವು ತನಗೆ ಸೇರಿದ್ದು, ಅದನ್ನು ಕಿತ್ತುಕೊಳ್ಳುವ ಅಧಿಕಾರ ಪರಮೇಶಿಗೆ ಯಾರು ಕೊಟ್ಟರು ಎಂದು ಕೇಳುತ್ತಿದ್ದರು. ಗುಂಪಿನ ನಡುವೆ ಪುಟ್ಟತಾಯಮ್ಮನವರನ್ನು ಕಂಡು ನನಗೆ ನಗು ತಡೆಯಲಾಗಲಿಲ್ಲ. ಅವರು ಸೆರಗಿನ ಕೆಳಗಿಂದ ಹಲಗೆ ಹೊರತೆಗೆದು, "ಇದು ಓದಲ್ಲಪ್ಪ, ಹೇಗಿದೆ ಅಂತ ಸುಮ್ಮನೆ ನೋಡಿದ್ದು. ಮೂರು ಸಲ" ಎಂದರು. ಆಮೇಲೆ ನನ್ನ ಕಡೆ ಬೆರಳು ಮಾಡಿ, "ಹಿಂದಿನ ಹಾಗೆ ಮಾಡು. ಮರ್ಯಾದೆಯಿಂದ ಸತ್ತಿದ್ದ ಮನುಷ್ಯ" ಎಂದರು.

ನನಗೆ ಬೈಗುಳ ಕೇಳಿಸುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ನಾನು ತಲೆ ಎಣಿಸುತ್ತಿದ್ದೆ. ಐವತ್ತು, ಅರವತ್ತು, ಬೀದಿಯ ತಿರುವಿನಿಂದ ಇನ್ನೂ ಬರುತ್ತಿದ್ದರು. ಇಷ್ಟೂ ಜನ ಹೊಗಳಿದ್ದು ನಿಜ, ಓದಿ ಹೊಗಳಿದ್ದು. ನಾನೇ ನಂಬಿರಲಿಲ್ಲ.

ಅಷ್ಟರಲ್ಲಿ ಅಕ್ಕಯಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಎಲ್ಲ ಅವಳ ಮೇಲೆ ಹಾಕಿಬಿಡೋಣವೆಂದು ನಾನು ಬಾಯಿ ತೆರೆದೆ. ಅವಳು ಬಿಡಲಿಲ್ಲ. "ನಾನೇ ಹೇಳ್ದೆ, ಒಪ್ತೀನಿ. ನಾನು ಹೇಳ್ದೆ ಅಂತ ನೀನು ಮಾಡೋದಾ? ಬರೆದೋನು ನೀನಾ ನಾನಾ? ರಾತ್ರಿಯೆಲ್ಲಾ ಮೂರು ಸಲ ಓದ್ದೆ ಕಣಣ್ಣ, ಅವನು ಊದಿದ್ದು ಕಿವಿಗೆ ಕೇಳ್ಲೇ ಇಲ್ಲ. ಸತ್ತಾಗಲೇ ಚೆನ್ನಾಗಿ ಕೇಳ್ತಿತ್ತು. ವಾಪಸ್ ಸಾಯಿಸು. ಸಾಯಿಸಿ, ಕಾಗದದಲ್ಲಿ ಹಾಕ್ಸು. ನಾಳೆ ಇನ್ನೊಬ್ಬಳು ಬಂದು ಅತ್ತಳು ಅಂತ ನಿನ್ನ ಮನಸ್ಸು ಕರಗಿದ್ರೂ ಕೈ ಹಾಕೋಕೆ ಆಗಬಾರದು."

"ಹೌದು, ಕಾಗದದಲ್ಲಿ ಹಾಕ್ಸಿ" ಎಂದು ಹತ್ತಾರು ಬಾಯಿ ಕೂಗಿದವು.

"ಹಲಗೆಯಲ್ಲೂ ಇರಲಿ, ಮಲಗಿ ಓದೋಕೆ" ಎಂದು ಹಿಂದಿನಿಂದ ಒಂದು ಮುದುಕಿಯ ದನಿ ಬಂತು. ಅದಕ್ಕೂ ಯಾರೂ ಬೇಡವೆನ್ನಲಿಲ್ಲ.

ಆಗಲಿ ಎಂದು ಕೈ ಮುಗಿದೆ. ನಫೀಸಾ ಗಿರಣಿಯ ಕಟ್ಟೆಯ ಮೇಲೆ ಕೂತು ಹಳೆಯ ಅಧ್ಯಾಯವನ್ನು ಹುಡುಕಿ, ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಒತ್ತಿದಳು. ಎಲ್ಲರ ಹಲಗೆಗಳಲ್ಲೂ ಕೆಂಪು ಚುಕ್ಕೆ ಬಂತು. ಯಾರೂ ಮನೆಗೆ ಹೋಗಲಿಲ್ಲ. ಬಿಸಿಲೇರುತ್ತಿದ್ದರೂ ಇದ್ದಲ್ಲೇ ನಿಂತು, ಕೆಲವರು ನನ್ನ ಮೂಟೆಗಳ ಮೇಲೆ ಕೂತು, ಹತ್ತೊಂಬತ್ತನೆಯ ಅಧ್ಯಾಯ ಓದಿದರು. ಮೊದಲು ಡಾಕ್ಟರು ಕನ್ನಡಕ ತೆಗೆದರು. ಆಮೇಲೆ ಕಂಡಕ್ಟರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಪುಟ್ಟತಾಯಮ್ಮನವರು ಸೆರಗನ್ನು ಬಾಯಿಗೊತ್ತಿಕೊಂಡರು. ಅಕ್ಕಯಮ್ಮ ಗಟ್ಟಿಯಾಗಿಯೇ ಅತ್ತಳು, ವಿಶಾಲು ಅವಳ ಹೆಗಲು ಹಿಡಿದುಕೊಂಡಳು. ಇಡೀ ಊರು ಗಿರಣಿಯ ಮುಂದೆ ನಿಂತು ಚನ್ನಬಸಪ್ಪನಿಗಾಗಿ ಕಣ್ಣೀರು ಹಾಕುತ್ತಿದ್ದಾಗ, ಹಿಟ್ಟು ಮೆತ್ತಿದ ಮುಖದಲ್ಲಿ ನಗು ತುಂಬಿಕೊಂಡು, ಅದನ್ನು ಅಡಗಿಸಲೂ ಆಗದೆ ನಿಂತಿದ್ದವನು ನಾನೊಬ್ಬನೇ.